ಪರವಾನಗಿ ಒಬ್ಬರ ಕೈಯಲ್ಲಿ, ಬೀಗ ಇನ್ನೊಬ್ಬರ ಕೈಯಲ್ಲಿ

ಓದುಗರ ಪ್ರಶ್ನೆ: ಧಾರವಾಡದಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಸೆಮಿನಾರಿಗೆ ಇರಾನಿನ ಮಾಜಿ ವಾರ್ತಾ ಸಚಿವ ಅತಾವುಲ್ಲಾ ಮೊಹಾಜೆರಾನಿ ಅವರ ವಿಷಯ ತೆಗೆದುಕೊಂಡಿದ್ದೇನೆ. ಒಂದು ಕಡೆ ಅವರನ್ನು ಪತ್ರಿಕಾ ಸ್ವಾತಂತ್ರ್ಯದ ಪರ ನಿಂತವರು ಅಂತ ಹೊಗಳಿದ್ದಾರೆ. ಇನ್ನೊಂದು ಕಡೆ ಅವರು ಸಚಿವರಾಗಿದ್ದಾಗಲೇ ಪತ್ರಿಕೆಗಳು ಸಾಲುಸಾಲಾಗಿ ಮುಚ್ಚಿದವು ಅಂತಲೂ ಇದೆ. ಸೆನ್ಸಾರ್ ಮಾಡುವ ಇಲಾಖೆಯ ಸಚಿವರೇ ಸುಧಾರಣಾವಾದಿ ಆಗುವುದು ಹೇಗೆ? ಅವರು ಗೆದ್ದರೋ ಸೋತರೋ?

ಉತ್ತರ:

2000ದ ಡಿಸೆಂಬರ್. ನಾನಾಗ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಇರಾನಿನ ಸಂಸ್ಕೃತಿ ಸಚಿವರ ರಾಜೀನಾಮೆಯನ್ನು ಅಧ್ಯಕ್ಷರು ಒಪ್ಪಿಕೊಂಡರು ಅಂತ ಏಜೆನ್ಸಿ ಸುದ್ದಿ ಬಂತು. ವಿದೇಶ ಪುಟ ಆಗಲೇ ತುಂಬಿತ್ತು. ನಾಲ್ಕು ವಾಕ್ಯಕ್ಕೆ ಕತ್ತರಿಸಿ, ಸಿಂಗಲ್ ಕಾಲಂ ಮಾಡಿ, ಮೂಲೆಯಲ್ಲಿದ್ದ ಜಾಹೀರಾತಿನ ತಲೆಯ ಮೇಲೆ ಕೂರಿಸಿದೆ. ಹೆಸರಿನ ಕಾಗುಣಿತವನ್ನೂ ತಪ್ಪಾಗಿ ಹಾಕಿದ್ದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ, ಹಳೇ ಬಾಕಿ ಅಂದುಕೊಳ್ಳಿ.

ಗೆಲುವು ಸೋಲಿನ ಮಾತು ಆಮೇಲೆ. ಮೊದಲು ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನು ನೋಡಬೇಕು. ಅವರ ಇಲಾಖೆಯ ಪೂರ್ತಿ ಹೆಸರು ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯ. ಇರಾನಿನಲ್ಲಿ ಯಾರೂ ಅಷ್ಟು ಉದ್ದ ಹೇಳುವುದಿಲ್ಲ, ಸುಮ್ಮನೆ ‘ಎರ್ಷಾದ್’ ಅನ್ನುತ್ತಾರೆ. ಎರ್ಷಾದ್ ಅಂದರೆ ಮಾರ್ಗದರ್ಶನ. ನಮ್ಮಲ್ಲಿ ಉರ್ದು ಮುಷಾಯಿರಾಗೆ ಹೋದವರು ಈ ಪದ ಕೇಳಿರುತ್ತಾರೆ. ಕವಿ ಮೊದಲ ಸಾಲು ಹೇಳುವ ಮುನ್ನ ಸಭಿಕರು ‘ಇರ್ಶಾದ್, ಇರ್ಶಾದ್’ ಎನ್ನುತ್ತಾರೆ, ಅಪ್ಪಣೆಯಾಗಲಿ, ಹೇಳಿ ಅಂತ. ಅದೇ ಪದ ಟೆಹರಾನಿನಲ್ಲಿ ಕವಿ ಹೇಳಬಹುದೋ ಬೇಡವೋ ಅಂತ ತೀರ್ಮಾನಿಸುವ ಕಚೇರಿಯ ಹೆಸರು.

ಈ ಕಚೇರಿಗೆ ಮೂರು ಬಗೆಯ ಅಧಿಕಾರ ಇತ್ತು. ಪುಸ್ತಕ ಅಚ್ಚಾಗಿ ಅಂಗಡಿಗೆ ಬರುವ ಮೊದಲೇ ಇಲಾಖೆಯವರು ಓದಿ ಅನುಮತಿ ಕೊಡಬೇಕು. ಸಿನಿಮಾಕ್ಕೆ ಚಿತ್ರಕಥೆಯ ಹಂತದಲ್ಲಿ ಒಮ್ಮೆ, ಬಿಡುಗಡೆಗೆ ಮುಂಚೆ ಇನ್ನೊಮ್ಮೆ ಅನುಮತಿ ಬೇಕು. ಪತ್ರಿಕೆಯ ಲೆಕ್ಕ ಬೇರೆ. ನಾಳಿನ ಸಂಚಿಕೆಯನ್ನು ಇಂದೇ ಯಾರಿಗೂ ತೋರಿಸಬೇಕಿಲ್ಲ, ಆದರೆ ಪತ್ರಿಕೆ ಶುರುಮಾಡಲು ‘ಪರ್ವಾನೆ’ ಬೇಕು. ಕನ್ನಡದ ‘ಪರವಾನಗಿ’ ಅಲ್ಲಿಂದಲೇ ಬಂದದ್ದು. ನಮ್ಮ ದೇಶದಲ್ಲಿ ಆ ಕಾಲಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಷನ್ ಕೊಟ್ಟು ಶೀರ್ಷಿಕೆ ನೋಂದಾಯಿಸಿದರೆ ಮುಗಿಯಿತು, ಪತ್ರಿಕೆ ಮಾಡಲು ಸರ್ಕಾರದ ಕೃಪೆ ಬೇಕಿರಲಿಲ್ಲ. ಇರಾನಿನಲ್ಲಿ 1986ರ ಪತ್ರಿಕಾ ಕಾನೂನಿನಂತೆ ಒಂದು ಉಸ್ತುವಾರಿ ಮಂಡಳಿ ಅರ್ಜಿ ನೋಡುತ್ತದೆ. ಸಚಿವಾಲಯದ ಪ್ರತಿನಿಧಿ, ಒಬ್ಬ ನ್ಯಾಯಾಧೀಶ, ಒಬ್ಬ ಸಂಸದ, ಒಬ್ಬ ಪ್ರಾಧ್ಯಾಪಕ, ಪತ್ರಿಕೆಯವರ ಕಡೆಯ ಒಬ್ಬರು, ಹೀಗೆ ಆಗ ಐದು ಜನ. ಸಂಸ್ಕೃತಿ ಸಚಿವರ ಮನಸ್ಸಿನಲ್ಲಿ ಏನಿದೆ ಅನ್ನುವುದು ಈ ಮಂಡಳಿಯ ವೇಗದಲ್ಲಿ ಗೊತ್ತಾಗುತ್ತದೆ.

ಇಷ್ಟೇ ಮುಖ್ಯವಾದದ್ದು ಅವರ ಕೈಯಲ್ಲಿ ಇಲ್ಲದ್ದು. ರೇಡಿಯೊ ಮತ್ತು ಟಿವಿ ಅವರದಲ್ಲ, ಅದರ ಮುಖ್ಯಸ್ಥರನ್ನು ನೇಮಿಸುವವರು ಸರ್ವೋಚ್ಚ ನಾಯಕರು. ನ್ಯಾಯಾಂಗದ ಮುಖ್ಯಸ್ಥರ ನೇಮಕವೂ ಅವರದೇ. ಪೊಲೀಸರೂ ಸಂಸ್ಕೃತಿ ಸಚಿವರ ಮಾತು ಕೇಳಬೇಕಿಲ್ಲ. ಅಂದರೆ ಪತ್ರಿಕೆಯನ್ನು ಹುಟ್ಟಿಸುವ ಅಧಿಕಾರ ಸಚಿವರಿಗಿತ್ತು, ಉಳಿಸುವ ಅಧಿಕಾರ ಇರಲಿಲ್ಲ. ಅವರ ಇಡೀ ಕಥೆ ಇದರ ಸುತ್ತಲೇ ತಿರುಗುತ್ತದೆ.

ಇನ್ನು ಮನುಷ್ಯನ ವಿಷಯ. 1954ರಲ್ಲಿ ಅರಾಕ್‌ನಲ್ಲಿ ಹುಟ್ಟಿದವರು. ಓದಿದ್ದು ಇತಿಹಾಸ. 1980ರಲ್ಲಿ ಶಿರಾಜ್‌ನಿಂದ 1979ರ ಇಸ್ಲಾಮಿಕ್ ಕ್ರಾಂತಿಯ ನಂತರದ ಮೊದಲ ಸಂಸತ್ತಿಗೆ, ಅಂದರೆ ಮಜ್ಲಿಸ್‌ಗೆ ಆಯ್ಕೆಯಾದರು. ಮುಂದೆ ರಫ್ಸಂಜಾನಿ ಅಧ್ಯಕ್ಷರಾದಾಗ ಎಂಟು ವರ್ಷ ಸಂಸದೀಯ ವ್ಯವಹಾರ ನೋಡಿಕೊಳ್ಳುವ ಉಪಾಧ್ಯಕ್ಷರಾಗಿದ್ದರು. ಅವರು ಹೊರಗಿನಿಂದ ಬಂದ ಬಂಡಾಯಗಾರ ಖಂಡಿತ ಅಲ್ಲ, ವ್ಯವಸ್ಥೆಯ ಒಳಮನೆಯ ಹುಡುಗ. ಸಲ್ಮಾನ್ ರಶ್ದಿ ವಿರುದ್ಧ ಆಗಿನ ಸರ್ವೋಚ್ಚ ನಾಯಕ ಖೊಮೇನಿ ಫತ್ವಾ ಹೊರಡಿಸಿದಾಗ ರಶ್ದಿಯ ಕಾದಂಬರಿಯನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದವರು. ನಿಮ್ಮ ಪ್ರಬಂಧದಲ್ಲಿ ಇದನ್ನು ಮುಚ್ಚಿಡಬೇಡಿ. ಅದರ ಮರುವರ್ಷವೇ, 1990ರಲ್ಲಿ, ‘ಎತ್ತೆಲಾಆತ್’ ಪತ್ರಿಕೆಯಲ್ಲಿ ಅಮೆರಿಕದ ಜೊತೆ ನೇರ ಮಾತುಕತೆ ನಡೆಸಬೇಕು ಅಂತ ಬರೆದು ಬೈಸಿಕೊಂಡವರೂ ಇವರೇ. ಅಧಿಕಾರದಲ್ಲಿ ಕೂತುಕೊಂಡೇ ಹಾಗೆ ಬರೆಯಲು ಒಂದು ಬಗೆಯ ಎದೆಗಾರಿಕೆ ಬೇಕು, ಅಥವಾ ಹಿಂದೆ ದೊಡ್ಡವರಿದ್ದಾರೆ ಅನ್ನುವ ಧೈರ್ಯ ಬೇಕು. ಅವರಿಗೆ ಎರಡೂ ಇತ್ತು ಅಂತ ಕಾಣುತ್ತದೆ.

1997ರ ಮೇ 23ರಂದು ಮೊಹಮ್ಮದ್ ಖಾತಮಿ ಸುಮಾರು ಎರಡು ಕೋಟಿ ಮತ ಪಡೆದು ಅಧ್ಯಕ್ಷರಾದರು. ಖಾತಮಿ ಸ್ವತಃ ಈ ಎರ್ಷಾದ್ ಕುರ್ಚಿಯಲ್ಲಿ 1982ರಿಂದ 1992ರವರೆಗೆ ಕೂತಿದ್ದವರು, ಸಂಪ್ರದಾಯವಾದಿಗಳ ಒತ್ತಡಕ್ಕೆ ಬೇಸತ್ತು ರಾಜೀನಾಮೆ ಕೊಟ್ಟು ರಾಷ್ಟ್ರೀಯ ಗ್ರಂಥಾಲಯ ಸೇರಿಕೊಂಡಿದ್ದವರು. ಅವರ ನಂತರದ ಐದು ವರ್ಷ ಅಲಿ ಲಾರಿಜಾನಿ, ಮುಸ್ತಫಾ ಮೀರ್‌ಸಲೀಂ ಕಾಲದಲ್ಲಿ ಕತ್ತರಿ ಹರಿತವಾಗಿತ್ತು. ಇರಾನಿನ ಸಿನಿಮಾ ನಿರ್ದೇಶಕ ಕಿಯಾರೊಸ್ತಾಮಿ 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದರು. ವೇದಿಕೆಯಲ್ಲಿ ಫ್ರೆಂಚ್ ನಟಿ ಕ್ಯಾಥರೀನ್ ಡೆನೂವ್ ಅವರ ಕೆನ್ನೆಗೆ ಮುತ್ತಿಟ್ಟದ್ದೇ ಊರಲ್ಲಿ ರಾದ್ಧಾಂತವಾಯಿತು, ಪ್ರಶಸ್ತಿಯ ಸುದ್ದಿ ಹಿಂದೆ ಸರಿಯಿತು. ಬೆಂಗಳೂರಿನ ಚಿತ್ರೋತ್ಸವಗಳಲ್ಲಿ ಇರಾನಿ ಸಿನಿಮಾಕ್ಕೆ ಕ್ಯೂ ನಿಲ್ಲುವ ನಮ್ಮಂಥವರಿಗೆ ಆ ಚಿತ್ರಗಳ ಹಿಂದಿನ ಈ ಜಂಜಾಟ ಪರದೆಯ ಮೇಲೆ ಕಾಣುವುದಿಲ್ಲ.

ಆಗಸ್ಟ್‌ನಲ್ಲಿ ಮೊಹಾಜೆರಾನಿ ಸಚಿವರಾದರು. ಅವರು ಬಳಸಿದ ಜೋಡಿ ಪದ ‘ತಸಾಹೊಲ್ ವ ತಸಾಮೊಹ್’. ಅಂದಾಜಾಗಿ ಹೇಳುವುದಾದರೆ ಸಡಿಲಿಕೆ ಮತ್ತು ಸಹಿಷ್ಣುತೆ. ಶುಕ್ರವಾರದ ಪ್ರವಚನಗಳಲ್ಲಿ ಇದೇ ಅವರ ವಿರುದ್ಧದ ಬೈಗುಳವಾಯಿತು. ಧರ್ಮದ ವಿಷಯದಲ್ಲಿ ಸಡಿಲಿಕೆ ಅಂದರೇನು ಅಂತ ಎದುರಾಳಿಗಳು ಕೇಳಿದರು. ಮೂರು ವರ್ಷ ಡಬ್ಬದಲ್ಲಿ ಕೊಳೆಯುತ್ತಿದ್ದ ಒಂದು ಹಾಸ್ಯ ಚಿತ್ರಕ್ಕೆ ಆ ವರ್ಷ ಬಿಡುಗಡೆಯ ಭಾಗ್ಯ ಬಂತು. ಅಮೆರಿಕದ ವೀಸಾ ಗಿಟ್ಟಿಸಲು ಇಸ್ತಾಂಬುಲ್‌ನಲ್ಲಿ ಹೆಂಗಸಿನ ವೇಷ ಹಾಕಿದವನ ಕಥೆ ಅದು. ಇಸ್ಫಹಾನಿನಲ್ಲಿ ಅದನ್ನು ತೋರಿಸುತ್ತಿದ್ದ ಚಿತ್ರಮಂದಿರದ ಮೇಲೆ ಗುಂಪು ದಾಳಿ ಮಾಡಿತು. ಸಚಿವಾಲಯದ ಮೊಹರಿಗೆ ಟೆಹರಾನ್ ದಾಟಿದರೆ ಎಷ್ಟು ಬೆಲೆ ಅನ್ನುವುದು ಆಗಲೇ ಗೊತ್ತಾಗಿತ್ತು.

ಈಗ ಪತ್ರಿಕೆಗಳಿಗೆ ಬರೋಣ, ನಿಮಗೆ ಬೇಕಾದದ್ದೂ ಅದೇ. ಪತ್ರಿಕಾ ವಿಭಾಗದ ಉಪಸಚಿವರಾಗಿ ಅಹ್ಮದ್ ಬೂರ್ಗಾನಿ ಬಂದರು. ಸಚಿವರಷ್ಟೇ ಶ್ರೇಯ ಈ ಮನುಷ್ಯನಿಗೂ ಸಲ್ಲಬೇಕು. ಪರವಾನಗಿ ಸರಾಗವಾಗಿ ಸಿಗತೊಡಗಿತು. 1998ರ ಫೆಬ್ರುವರಿಯಲ್ಲಿ ‘ಜಾಮೆಎ’ ಬಂತು. ಜಾಮೆಎ ಅಂದರೆ ಸಮಾಜ. ಹಮೀದ್‌ರೆಜಾ ಜಲಾಯಿಪೂರ್ ಪ್ರಕಾಶಕರು, ಮಾಶಾಲ್ಲಾ ಶಮ್ಸೊಲ್‌ವಾಎಜಿನ್ ಸಂಪಾದಕರು. ಅದರಲ್ಲಿ ಇಬ್ರಾಹಿಂ ನಬವಿ ಬರೆಯುತ್ತಿದ್ದ ವಿಡಂಬನೆಯ ಅಂಕಣಕ್ಕೆ ‘ಐದನೇ ಕಾಲಂ’ ಅಂತ ಹೆಸರು. ಫಾರಸಿಯಲ್ಲೂ ಆ ಮಾತಿಗೆ ಮನೆಯೊಳಗಿನ ಶತ್ರು ಅಂತಲೇ ಅರ್ಥ. ದಿನ ಬೆಳಗಾದರೆ ದೇಶದ್ರೋಹಿ ಅನ್ನಿಸಿಕೊಳ್ಳುತ್ತಿದ್ದವರು ಆ ಬೈಗುಳವನ್ನೇ ತಲೆಬರಹ ಮಾಡಿಕೊಂಡಿದ್ದರು.

ಆ ಪತ್ರಿಕೆ 1998ರ ಏಪ್ರಿಲ್ ಕೊನೆಗೆ ಒಂದು ಸುದ್ದಿ ಹಾಕಿತು. ರೆವಲ್ಯೂಷನರಿ ಗಾರ್ಡ್ಸ್ ಪಡೆಯ ದಂಡನಾಯಕ ರಹೀಂ ಸಫಾವಿ ಕೋಂ ನಗರದಲ್ಲಿ ತಮ್ಮ ಅಧಿಕಾರಿಗಳ ಮುಂದೆ ಮುಚ್ಚಿದ ಬಾಗಿಲ ಹಿಂದೆ ಮಾತಾಡಿದ್ದರು. ಕೆಲವರ ಕತ್ತು ಕತ್ತರಿಸಬೇಕು, ಕೆಲವರ ನಾಲಿಗೆ ಕತ್ತರಿಸಬೇಕು ಅನ್ನುವ ಧಾಟಿಯ ಮಾತು. ಅದು ಮಾರನೇ ದಿನದ ಚಹಾ ಅಂಗಡಿಯ ಮಾತಾಯಿತು. ಕ್ರಾಂತಿಯ ನಂತರ ಅಂಥ ಮನುಷ್ಯನ ಖಾಸಗಿ ಬೆದರಿಕೆಯನ್ನು ಹೀಗೆ ಬೀದಿಗೆ ತಂದ ಪತ್ರಿಕೆ ವಿರಳ. ಜುಲೈ ಹೊತ್ತಿಗೆ ನ್ಯಾಯಾಲಯ ಅದರ ಪರವಾನಗಿ ರದ್ದು ಮಾಡಿತು.

ಆಮೇಲಿನದ್ದು ನೋಡಿ. ಅದೇ ತಂಡ, ಅದೇ ವಿನ್ಯಾಸ, ಮೊದಲೇ ಇದ್ದ ಇನ್ನೊಂದು ಪರವಾನಗಿಯ ಮೇಲೆ ‘ತೂಸ್’ ಆಗಿ ಅಂಗಡಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಅದೂ ಮುಚ್ಚಿತು. 1999ರ ಫೆಬ್ರುವರಿಯಲ್ಲಿ ‘ನೆಶಾತ್’. ಸೆಪ್ಟೆಂಬರ್‌ಗೆ ಬಂದ್. ಆಮೇಲೆ ‘ಅಸ್ರ್-ಎ-ಆಜಾದೆಗಾನ್’. ಒಂದು ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರುವ ಹುಣಸೆಯ ಹಾಗೆ. ಓದುಗರಿಗೆ ಹೆಸರು ಬದಲಾದದ್ದು ಸಮಸ್ಯೆಯೇ ಆಗಲಿಲ್ಲ. ಪರವಾನಗಿ ಕೊಡುವ ಕಚೇರಿ ಕಣ್ಣು ಮುಚ್ಚಿಕೊಂಡಿದ್ದರಿಂದ ಈ ಆಟ ನಡೆಯಿತು. ಮೊಹಾಜೆರಾನಿ ದೊಡ್ಡ ಭಾಷಣ ಮಾಡಿ ಪತ್ರಿಕೆಗಳನ್ನು ಕಾಪಾಡಿದ್ದು ಕಮ್ಮಿ. ತನ್ನ ಕೈಲಿದ್ದ ಅಧಿಕಾರವನ್ನು ಬಳಸದೇ ಇದ್ದದ್ದೇ ಅವರ ಸುಧಾರಣೆ. ಸೆನ್ಸಾರ್ ಇಲಾಖೆಯವರು ಸುಧಾರಣಾವಾದಿ ಆಗುವುದು ಹೇಗೆ ಅಂದಿರಲ್ಲ, ಹೀಗೆ. ನಮ್ಮ ಗುಜ್ರಾಲ್ ನೆನಪಾಗುತ್ತಾರೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದ ಕೆಲವೇ ದಿನಗಳಲ್ಲಿ ಅವರನ್ನು ವಾರ್ತಾ ಖಾತೆಯಿಂದ ಎತ್ತಿ ವಿ.ಸಿ. ಶುಕ್ಲಾ ಅವರನ್ನು ಕೂರಿಸಿದರು. ದಿಲ್ಲಿಯಲ್ಲಿ ಕುರ್ಚಿಯ ಮೇಲಿನ ಮನುಷ್ಯ ಬದಲಾದರೆ ಸಾಕಿತ್ತು. ಟೆಹರಾನಿನಲ್ಲಿ ಕುರ್ಚಿಯ ಹೊರಗೇ ಬೇರೆ ಕುರ್ಚಿಗಳಿದ್ದವು.

ಆ ಬೇರೆ ಕುರ್ಚಿಗಳಲ್ಲಿ ಮುಖ್ಯವಾದದ್ದು ಟೆಹರಾನಿನ ಪತ್ರಿಕಾ ನ್ಯಾಯಾಲಯದ 1410ನೇ ಶಾಖೆ, ನ್ಯಾಯಾಧೀಶ ಸಯೀದ್ ಮೊರ್ತಜಾವಿ. ಸಂವಿಧಾನದ 168ನೇ ವಿಧಿಯಂತೆ ಪತ್ರಿಕಾ ಅಪರಾಧಗಳ ವಿಚಾರಣೆ ಬಹಿರಂಗವಾಗಿ, ಜ್ಯೂರಿಯ ಮುಂದೆ ನಡೆಯಬೇಕು. ಕೇಳಲು ಚೆನ್ನ. ಆದರೆ ಧರ್ಮಗುರುಗಳಿಗೆ ಬೇರೆ ವಿಶೇಷ ನ್ಯಾಯಾಲಯ, ಮತ್ತೆ ಕ್ರಾಂತಿಕಾರಿ ನ್ಯಾಯಾಲಯ ಬೇರೆ. ಅಧ್ಯಕ್ಷರಾಗಿದ್ದ ರಫ್ಸಂಜಾನಿಯ ಮಗಳು ಫಾಎಜೆ ಹಾಶೆಮಿ ನಡೆಸುತ್ತಿದ್ದ ‘ಜನ್’ ಪತ್ರಿಕೆಯನ್ನು 1999ರ ಏಪ್ರಿಲ್‌ನಲ್ಲಿ ಮುಚ್ಚಿಸಿದ್ದು ಕ್ರಾಂತಿಕಾರಿ ನ್ಯಾಯಾಲಯ. ಮಾಜಿ ರಾಣಿ ಫರಾ ಅವರ ಹೊಸವರ್ಷದ ಸಂದೇಶ ಹಾಕಿದ್ದು ಒಂದು ತಪ್ಪು. ಇನ್ನೊಂದು, ಒಂದು ವ್ಯಂಗ್ಯಚಿತ್ರ. ಬಂದೂಕುಧಾರಿಯೊಬ್ಬ ಗಂಡ-ಹೆಂಡತಿಗೆ ಗುರಿ ಇಟ್ಟಿದ್ದಾನೆ. ಗಂಡ ಹೆಂಡತಿಯತ್ತ ಕೈ ತೋರಿಸಿ, ಇವಳನ್ನು ಕೊಲ್ಲು, ಅಗ್ಗ ಬೀಳುತ್ತದೆ ಅನ್ನುತ್ತಾನೆ. ಹೆಂಗಸಿನ ರಕ್ತಪರಿಹಾರ ಗಂಡಸಿನ ಅರ್ಧ ಅನ್ನುವ ಕಾನೂನಿನ ಮೇಲಿನ ಕುಟುಕು. ಜನ್ ಅಂದರೆ ಹೆಣ್ಣು, ನಮ್ಮ ‘ಜನಾನಾ’ದೊಳಗೆ ಇರುವುದೂ ಅದೇ ಪದ.

ಮೈಮೇಲಿನ ಏಟುಗಳೂ ಬಿದ್ದವು, ಉಪಮೆಯಲ್ಲ, ನಿಜವಾಗಿ. 1998ರ ಸೆಪ್ಟೆಂಬರ್‌ನಲ್ಲಿ ಟೆಹರಾನಿನ ಶುಕ್ರವಾರದ ಪ್ರಾರ್ಥನೆ ಮುಗಿಸಿ ಹೊರಟಿದ್ದ ಮೊಹಾಜೆರಾನಿ ಮತ್ತು ಅಬ್ದುಲ್ಲಾ ನೂರಿ ಅವರನ್ನು ಗುಂಪೊಂದು ಹಿಡಿದು ಥಳಿಸಿತು. ನೂರಿ ಅದಕ್ಕೂ ಮುಂಚೆ, ಜೂನ್‌ನಲ್ಲಿ, ಮಜ್ಲಿಸ್‌ನಿಂದ ಗೃಹ ಸಚಿವ ಸ್ಥಾನ ಕಳೆದುಕೊಂಡವರು. ಆ ವರ್ಷದ ಕೊನೆಗೆ ಸರಣಿ ಹತ್ಯೆಗಳು. ನವೆಂಬರ್ 22ರಂದು ವಿರೋಧ ಪಾಳಯದ ರಾಜಕಾರಣಿಗಳಾದ ದಾರ್ಯೂಷ್ ಮತ್ತು ಪರ್ವಾನೆ ಫೊರೂಹರ್ ದಂಪತಿಯನ್ನು ಮನೆಯಲ್ಲೇ ಇರಿದು ಕೊಂದರು. ಡಿಸೆಂಬರ್‌ನಲ್ಲಿ ಲೇಖಕರಾದ ಮೊಹಮ್ಮದ್ ಮೊಖ್ತಾರಿ, ಮೊಹಮ್ಮದ್ ಜಾಫರ್ ಪೂಯಾಂದೆ ಕಾಣೆಯಾಗಿ ಹೆಣವಾಗಿ ಸಿಕ್ಕರು. ಪತ್ರಿಕೆಗಳು ಬಿಡಲಿಲ್ಲ. 1999ರ ಜನವರಿಯಲ್ಲಿ ಗುಪ್ತಚರ ಸಚಿವಾಲಯ, ಇದು ನಮ್ಮವರೇ ಕೆಲವರು ದಾರಿ ತಪ್ಪಿ ಮಾಡಿದ್ದು ಅಂತ ಒಪ್ಪಿಕೊಳ್ಳಬೇಕಾಯಿತು. ಮುಖ್ಯ ಆರೋಪಿ ಸಯೀದ್ ಎಮಾಮಿ ಜೂನ್‌ನಲ್ಲಿ ಬಂಧನದಲ್ಲೇ ಸತ್ತ, ಕೂದಲು ತೆಗೆಯುವ ಔಷಧಿ ಕುಡಿದ ಅನ್ನುವುದು ಅಧಿಕೃತ ವಿವರಣೆ. ಪತ್ರಿಕೆಗಳಿಗೆ ಪರವಾನಗಿ ಸಿಕ್ಕಿರದಿದ್ದರೆ ಆ ಒಪ್ಪಿಗೆ ಹೊರಬರುತ್ತಿರಲಿಲ್ಲ. ಮೊಹಾಜೆರಾನಿ ಕಾಲದ ಅತಿ ದೊಡ್ಡ ಫಲ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

1999ರ ಮೇ 1ರಂದು ಅವರ ಸರದಿ ಬಂತು. ಇಂಗ್ಲಿಷ್ ಪತ್ರಿಕೆಗಳ ಲೆಕ್ಕದಲ್ಲಿ ಅದು ಮಹಾಭಿಯೋಗ. ನಮ್ಮ ಸಂಸದೀಯ ಮಾತಿನಲ್ಲಿ ಒಬ್ಬ ಸಚಿವರ ಮೇಲಿನ ಅವಿಶ್ವಾಸ ನಿರ್ಣಯ ಅಂದರೆ ಸರಿಹೋಗುತ್ತದೆ. ಪತ್ರಿಕೆಗಳಿಗೆ ಸಲುಗೆ ಕೊಟ್ಟರು, ಧರ್ಮಕ್ಕೆ ಸಲ್ಲದ ಪುಸ್ತಕಗಳಿಗೆ ಮೊಹರು ಒತ್ತಿದರು ಅನ್ನುವುದು ಆರೋಪ. ಅಲ್ಲಿನ ಸಂವಿಧಾನದಂತೆ ಮಜ್ಲಿಸ್ ಕಲಾಪ ರೇಡಿಯೊದಲ್ಲಿ ಜನರಿಗೆ ಕೇಳಿಸಬೇಕು. ಹಾಗಾಗಿ ಸಚಿವರನ್ನು ಇಳಿಸಲು ಹೊರಟವರೇ ಅವರಿಗೆ ಇಡೀ ದೇಶದ ಕಿವಿ ಒದಗಿಸಿಕೊಟ್ಟರು. ಸಂಪ್ರದಾಯವಾದಿಗಳದೇ ಮೇಲುಗೈ ಇದ್ದ ಸದನ. ಮತ ಎಣಿಸಿದಾಗ ಅವರ ವಿರುದ್ಧ 121, ಅವರ ಪರ 135. ಕುರ್ಚಿ ಉಳಿಯಿತು. ಬೂರ್ಗಾನಿ ಆ ಹೊತ್ತಿಗಾಗಲೇ ಜಾಗ ಖಾಲಿ ಮಾಡಿದ್ದರು.

ಅವರ ದೊಡ್ಡ ಗೆಲುವು ಇದು, ಆದರೆ ಎದುರಾಳಿಗಳಿಗೆ ಪಾಠವಾಗಿದ್ದೂ ಇದೇ. ಸಚಿವರನ್ನು ಕೆಡಹುವುದು ಕಷ್ಟ ಅಂದಮೇಲೆ ಕಾನೂನನ್ನೇ ಬದಲಿಸಿದರಾಯಿತು. ಜುಲೈ 7ರಂದು ಪತ್ರಿಕಾ ಕಾನೂನನ್ನು ಬಿಗಿ ಮಾಡುವ ಮಸೂದೆಗೆ ಮಜ್ಲಿಸ್ ಪ್ರಾಥಮಿಕ ಒಪ್ಪಿಗೆ ಕೊಟ್ಟಿತು. ಅಂಥದೊಂದು ಬಿಗಿ ಬೇಕು ಅಂತ ಸಯೀದ್ ಎಮಾಮಿ ಬರೆದಿದ್ದ ಟಿಪ್ಪಣಿಯನ್ನು ‘ಸಲಾಂ’ ಪತ್ರಿಕೆ ಬಯಲು ಮಾಡಿದ್ದಕ್ಕೆ ಅದೇ ದಿನ ಅದನ್ನು ಮುಚ್ಚಿಸಿದರು. ಪ್ರತಿಭಟಿಸಿದ ಟೆಹರಾನ್ ವಿಶ್ವವಿದ್ಯಾಲಯದ ಹುಡುಗರ ಹಾಸ್ಟೆಲಿಗೆ ರಾತ್ರಿ ನುಗ್ಗಿ ಹೊಡೆದರು. ಆಮೇಲಿನ ದಿನಗಳ ಗಲಭೆಯ ಬಗ್ಗೆ ನಿಮಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

2000ದ ಫೆಬ್ರುವರಿ ಚುನಾವಣೆಯಲ್ಲಿ ಸುಧಾರಣಾವಾದಿಗಳು ಮಜ್ಲಿಸ್ ಗೆದ್ದರು. ಟೆಹರಾನಿನಲ್ಲಿ ಎರಡನೇ ಸ್ಥಾನ ಪಡೆದವರು ಮೊಹಾಜೆರಾನಿ ಅವರ ಪತ್ನಿ ಜಮೀಲೆ ಕದೀವರ್. ಆಕೆಯ ಅಣ್ಣ, ಧರ್ಮಗುರು ಮೊಹ್ಸೆನ್ ಕದೀವರ್, ಹಿಂದಿನ ವರ್ಷವೇ ತಮ್ಮ ಬರಹ ಭಾಷಣಗಳಿಗಾಗಿ ಹದಿನೆಂಟು ತಿಂಗಳ ಶಿಕ್ಷೆಗೆ ಗುರಿಯಾಗಿದ್ದರು. ಒಂದೇ ಸಂಸಾರದಲ್ಲಿ ಸಚಿವರೂ ಸಂಸದೆಯೂ ಕೈದಿಯೂ ಇದ್ದರು, ಆ ಕಾಲದ ಟೆಹರಾನ್ ಹಾಗಿತ್ತು.

ಹಳೇ ಮಜ್ಲಿಸ್ ಹೋಗುವ ಮುನ್ನ ತಿದ್ದುಪಡಿಯನ್ನು ಮುಗಿಸಿಯೇ ಹೋಯಿತು. ಅದರ ಎರಡು ಅಂಶ ನಿಮ್ಮ ಪ್ರಬಂಧಕ್ಕೆ ಬೇಕು. ಮುಚ್ಚಿದ ಪತ್ರಿಕೆಯನ್ನು ಹೋಲುವ ಹೆಸರು, ಲಾಂಛನ, ವಿನ್ಯಾಸದಲ್ಲಿ ಇನ್ನೊಂದು ಪತ್ರಿಕೆ ತರುವಂತಿಲ್ಲ, ಅಂದರೆ ಹುಣಸೆ ಚಿಗುರುವ ಆಟ ಮುಗಿಯಿತು. ಎರಡನೆಯದು, ಇನ್ನು ಮೇಲೆ ಪತ್ರಿಕೆಯ ಜವಾಬ್ದಾರಿ ಹೊತ್ತ ನಿರ್ದೇಶಕರಷ್ಟೇ ಅಲ್ಲ, ಬರೆದ ವರದಿಗಾರರೂ ಕಟಕಟೆಗೆ ಬರಬೇಕು. ಏಪ್ರಿಲ್ 20ರಂದು ಸರ್ವೋಚ್ಚ ನಾಯಕ ಖಮೇನಿ, ಕೆಲವು ಪತ್ರಿಕೆಗಳು ಶತ್ರುವಿನ ನೆಲೆಗಳಾಗಿವೆ ಅಂದರು. ಮೂರು ದಿನ ಕಳೆಯುವಷ್ಟರಲ್ಲಿ ಬೀಗ ಬೀಳಲು ಶುರುವಾಗಿ, ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಪತ್ರಿಕೆಗಳು ನಿಂತವು. ನ್ಯಾಯಾಧೀಶರು ಆಧಾರ ಮಾಡಿಕೊಂಡದ್ದು ಕ್ರಾಂತಿಗೆ ಮುಂಚಿನ ದೊರೆ ಷಾ ಕಾಲದ, 1960ರ ಒಂದು ಮುನ್ನೆಚ್ಚರಿಕೆ ಕಾನೂನು. ರೂಢಿಗತ ಅಪರಾಧಿಗಳ ಕೈಯಿಂದ ಅಪರಾಧದ ಸಾಧನ ಕಿತ್ತುಕೊಳ್ಳಲು ಮಾಡಿದ ಕಾನೂನು ಅದು. ಅಲ್ಲಿಗೆ ಸುದ್ದಿಪತ್ರಿಕೆಯೂ ಕಳ್ಳನ ಕೈಯ ಹಾರೆಯ ಸಾಲಿಗೆ ಸೇರಿತು. ಜ್ಯೂರಿಯ ಪ್ರಶ್ನೆಯೇ ಏಳಲಿಲ್ಲ.

ಆಗಸ್ಟ್‌ನಲ್ಲಿ ಹೊಸ ಮಜ್ಲಿಸ್ ಕಾನೂನನ್ನು ಮತ್ತೆ ಸಡಿಲಿಸಲು ಕೂತಾಗ ಖಮೇನಿಯವರ ಪತ್ರ ಬಂತು. ಸ್ಪೀಕರ್ ಕರೂಬಿ ಚರ್ಚೆ ನಿಲ್ಲಿಸಿದರು. ಮೊಹಾಜೆರಾನಿ ಹೆಸರಿಗೆ ಇನ್ನೂ ಸಚಿವರಾಗಿದ್ದರು, ಆದರೆ ಅವರು ಕೊಟ್ಟ ಪರವಾನಗಿಗಳು ಬರೀ ಕಾಗದವಾಗಿದ್ದವು. ಡಿಸೆಂಬರ್‌ನಲ್ಲಿ ಖಾತಮಿ ರಾಜೀನಾಮೆ ಒಪ್ಪಿಕೊಂಡು, ಅವರನ್ನು ನಾಗರಿಕತೆಗಳ ನಡುವಿನ ಸಂವಾದದ ಅಂತರರಾಷ್ಟ್ರೀಯ ಕೇಂದ್ರಕ್ಕೆ ಮುಖ್ಯಸ್ಥರನ್ನಾಗಿ ಕಳಿಸಿದರು. ಗೌರವದ ಜಾಗ, ಅಧಿಕಾರವಿಲ್ಲದ ಜಾಗ. ಕೆಲವು ವರ್ಷಗಳ ನಂತರ ಅವರು ಲಂಡನ್ ಸೇರಿದರು.

ಗೆದ್ದರೋ ಸೋತರೋ? ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ. ಅವರ ದೊಡ್ಡ ತಪ್ಪು ಅಂತ ಇರಾನಿನ ಕೆಲವು ಸ್ನೇಹಿತರು ಹೇಳುವುದು, ಪತ್ರಿಕೆಗಳನ್ನು ಅವಸರದಲ್ಲಿ ಬೆಳೆಯಲು ಬಿಟ್ಟರು, ಮೆಲ್ಲಗೆ ಹೋಗಬೇಕಿತ್ತು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಮೆಲ್ಲಗೆ ಹೋಗಿದ್ದರೆ 1998ರ ಚಳಿಗಾಲದ ಕೊಲೆಗಳ ಹೊತ್ತಿಗೆ ಬರೆಯಲು ಪತ್ರಿಕೆಗಳೇ ಇರುತ್ತಿರಲಿಲ್ಲ. ನನ್ನ ತಕರಾರು ಬೇರೆ. ಅಲ್ಲಿ ಗಟ್ಟಿ ಪಕ್ಷಗಳಿರಲಿಲ್ಲ, ಪತ್ರಿಕೆಗಳೇ ಪಕ್ಷಗಳ ಕೆಲಸ ಮಾಡಿದವು. ಸಚಿವಾಲಯವೂ ಅದನ್ನು ಹಾಗೆಯೇ ಒಪ್ಪಿಕೊಂಡಿತು. ಹಾಗಾಗಿ ಪತ್ರಿಕೆಗೆ ಬೀಗ ಬಿದ್ದ ದಿನ ಸುಧಾರಣಾವಾದಿಗಳ ಕಚೇರಿಗೂ ಬೀಗ ಬಿತ್ತು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟದ್ದು ಬರೀ ಮೊಹಾಜೆರಾನಿ ತಪ್ಪಲ್ಲ, ಖಾತಮಿಯವರದೂ ಹೌದು.

ಕೊನೆಗೆ ಒಂದು ತಿದ್ದುಪಡಿ, ಸೆಮಿನಾರಿಗೆ ಮುಂಚೆ ಸರಿಮಾಡಿಕೊಳ್ಳಿ. ನೀವು ಅವರನ್ನು ‘ವಾರ್ತಾ ಸಚಿವ’ ಅಂತ ಬರೆದಿದ್ದೀರಿ. ನಮ್ಮಲ್ಲಿ ಹಾಗೆ ಕರೆಯುವುದು ರೂಢಿ, ಆದರೆ ಟಿವಿ ಅವರ ಕೈಯಲ್ಲಿರಲಿಲ್ಲ ಅನ್ನುವುದನ್ನು ಆಗಲೇ ಹೇಳಿದೆ. ಇನ್ನೊಂದು ತೊಡಕೂ ಇದೆ. ಫಾರಸಿಯಲ್ಲಿ ‘ಎತ್ತೆಲಾಆತ್’ ಅಂದರೆ ವಾರ್ತೆ, ಮಾಹಿತಿ. ಅವರು 1990ರಲ್ಲಿ ಬರೆದ ಪತ್ರಿಕೆಯ ಹೆಸರು ಅದೇ. ಆದರೆ ‘ವೆಜಾರತ್-ಎ-ಎತ್ತೆಲಾಆತ್’ ಅಂದರೆ ಗುಪ್ತಚರ ಸಚಿವಾಲಯ, ಮೊಖ್ತಾರಿ ಮತ್ತು ಪೂಯಾಂದೆ ಅವರನ್ನು ಕೊಂದವರು ಸಂಬಳ ಪಡೆಯುತ್ತಿದ್ದ ಇಲಾಖೆ. ನಾನು ಅಂದು ರಾತ್ರಿ ಕೂರಿಸಿದ ನಾಲ್ಕು ವಾಕ್ಯದಲ್ಲೂ ‘ವಾರ್ತಾ ಸಚಿವ’ ಅಂತಲೇ ಇತ್ತು. ನೀವು ‘ಸಂಸ್ಕೃತಿ ಸಚಿವ’ ಅಂತಲೇ ಬರೆಯಿರಿ.